ಚಿತ್ರಚೌರ್ಯವೂ ವಿಚಾರಣೆಯಿಲ್ಲದ ಬಂಧನವೂ

ಚಲಚ್ಚಿತ್ರಗಳ ಕಳ್ಳನಕಲು ನಮ್ಮ ನಾಡಿಗೆ ಹೊಸ ಪಿಡುಗಲ್ಲ. 1980ರ ದಶಕದಲ್ಲಿ ಅದು ವಿಡಿಯೋ ಕ್ಯಾಸೆಟ್ಟಿನ ವೇಷದಲ್ಲಿ ಬಂದಿತು, ತರುವಾಯ ಸಿ.ಡಿ.ಗಳ ರೂಪದಲ್ಲಿ ಸಂತೆಬೀದಿಗಳನ್ನು ಸೇರಿತು. ಈಗ ಅಂತರ್ಜಾಲದ ಮೂಲಕ ಪ್ರತಿಯೊಬ್ಬರ ಅಂಗೈಯೊಳಗಿನ ಮೊಬೈಲಿಗೇ ಬಂದಿಳಿಯುತ್ತಿದೆ. ವೇಷ ಬೇರೆಯಾದರೂ ಕಸಬು ಒಂದೇ: ಒಬ್ಬರ ದುಡಿಮೆಯ ಫಲವನ್ನು ಮತ್ತೊಬ್ಬರು ಉಣ್ಣುವುದು. ಇದನ್ನು ಅಡಗಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಡಗಿಸುವುದಕ್ಕಾಗಿ ನಮ್ಮ ರಾಜ್ಯವು ಕೈಯಲ್ಲಿ ಹಿಡಿದಿರುವ ಆಯುಧಗಳಲ್ಲೊಂದನ್ನು ಕುರಿತು ನಾವು ಕೆಲವು ಮಾತುಗಳನ್ನು ಆಡದೆ ಇರಲಾರೆವು.

1934ರಲ್ಲಿ ‘ಸತಿ ಸುಲೋಚನ’ದಿಂದ ಮೊದಲಾದ ಕನ್ನಡ ವಾಕ್ಚಿತ್ರೋದ್ಯಮವು ನೆರೆಯ ಭಾಷೆಗಳ ದೊಡ್ಡ ಮಾರುಕಟ್ಟೆಗಳ ನಡುವೆ ತನ್ನ ಕಾಲ ಮೇಲೆ ನಿಂತುಕೊಂಡು ಬಂದಿದೆ. ಚಿತ್ರವೊಂದರ ಭಾಗ್ಯವು ಬಹುಮಟ್ಟಿಗೆ ಮೊದಲ ವಾರದಲ್ಲಿಯೇ ನಿರ್ಣಯವಾಗುತ್ತದೆ. ಶುಕ್ರವಾರ ತೆರೆಗೆ ಬಂದ ಚಿತ್ರದ ಕಳ್ಳಪ್ರತಿಯು ಶನಿವಾರ ಊರೂರಿಗೆ ಹಬ್ಬಿದರೆ, ಹೆಸರಾಂತ ನಟನ ಚಿತ್ರವು ಹೇಗೋ ತಡೆದುಕೊಂಡೀತು. ಸಾಲ ತಂದು ಬಡ್ಡಿ ಕಟ್ಟುತ್ತ ಚಿತ್ರ ತೆಗೆದ ಹೊಸ ನಿರ್ಮಾಪಕನು ತಡೆದುಕೊಳ್ಳಲಾರನು. ಅವನು ಮುಳುಗಿದರೆ ಮುಂದಿನ ಚಿತ್ರವೇ ಇಲ್ಲ. ಅದನ್ನು ನಂಬಿದ್ದ ದೀಪ ಹಿಡಿಯುವವರು, ಬಡಗಿಗಳು, ಉಡುಪಿನವರು, ಅಡಿಗೆಯವರು ಇವರಿಗೆ ದಿನಗೂಲಿಯೂ ಇಲ್ಲ. ನಷ್ಟವಾಗುವುದು ಸಿರಿವಂತ ತಾರೆಯರಿಗೆ ಮಾತ್ರವೆಂಬ ಸಮಾಧಾನವು ಕೇವಲ ಆತ್ಮವಂಚನೆ.

ಕಾನೂನಿನ ಕೊರತೆ ಇದೆಯೆ? ಖಂಡಿತವಾಗಿ ಇಲ್ಲ. 1957ರ ಕೃತಿಸ್ವಾಮ್ಯ ಶಾಸನವನ್ನು ವಿಡಿಯೋ ಹಾವಳಿಯ ಕಾರಣದಿಂದಲೇ 1984ರಲ್ಲಿ ತಿದ್ದಿ ಬಿಗಿಗೊಳಿಸಲಾಯಿತು. 1952ರ ಚಲಚ್ಚಿತ್ರ ಶಾಸನಕ್ಕೆ ಪಾರ್ಲಿಮೆಂಟು 2023ರಲ್ಲಿ ಮಾಡಿದ ತಿದ್ದುಪಡಿಯಂತೆ, ಚಿತ್ರಮಂದಿರದಲ್ಲಿ ಅನುಮತಿಯಿಲ್ಲದೆ ಚಿತ್ರವನ್ನು ಯಂತ್ರದಲ್ಲಿ ಹಿಡಿದವನಿಗೆ 3 ತಿಂಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗಿನ ಸೆರೆವಾಸ. 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ, ಚಿತ್ರನಿರ್ಮಾಣದ ಒಟ್ಟು ವೆಚ್ಚದ ನೂರಕ್ಕೆ 5ರವರೆಗಿನ ಜುಲ್ಮಾನೆ. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರಕಾರವು ಅಂತರ್ಜಾಲದ ಕಳ್ಳಪ್ರತಿಗಳ ಬಗ್ಗೆ ದೂರು ಕೇಳಿ 48 ಗಂಟೆಗಳೊಳಗೆ ಕ್ರಮ ಕೈಗೊಳ್ಳಲು ಅಧಿಕಾರಿಗಳನ್ನು ಗೊತ್ತುಮಾಡಿತು. ಕಳ್ಳತಾಣವೊಂದನ್ನು ಮುಚ್ಚಿಸಿದ ಕೂಡಲೇ ಅದು ಮತ್ತೊಂದು ಹೆಸರಿನಲ್ಲಿ ತಲೆಯೆತ್ತಿದರೆ, ಮತ್ತೆ ಹೊಸ ದಾವೆ ಹೂಡದೆ ಅದನ್ನೂ ಅದೇ ಆಜ್ಞೆಯೊಳಗೆ ಸೇರಿಸುವ ದಾರಿಯನ್ನು ದಿಲ್ಲಿಯ ಉಚ್ಚ ನ್ಯಾಯಾಲಯವು 2019ರಲ್ಲಿಯೇ ತೋರಿಸಿಕೊಟ್ಟಿದೆ.

ಇಷ್ಟೆಲ್ಲ ಇರುವಾಗ, ಕರ್ನಾಟಕದಲ್ಲಿ ಜನರು ‘ಗೂಂಡಾ ಕಾಯಿದೆ’ ಎಂದು ಕರೆಯುವ 1985ರ ಶಾಸನವೂ ಇದೆ. ಕಳ್ಳಭಟ್ಟಿಯವರಿಗೂ ಪುಂಡರಿಗೂ ಎಂದು ಹುಟ್ಟಿದ ಈ ಶಾಸನದೊಳಕ್ಕೆ ತಿದ್ದುಪಡಿಯ ಮೂಲಕ ವಿಡಿಯೋ ಆಡಿಯೋ ಕಳ್ಳರನ್ನು ಸೇರಿಸಲಾಯಿತು. 2014ರಲ್ಲಿ ‘ಡಿಜಿಟಲ್ ಅಪರಾಧಿ’ಗಳೂ ಸೇರಿದರು. ಇದರಂತೆ ಅಪರಾಧವು ನ್ಯಾಯಾಲಯದಲ್ಲಿ ಸಿದ್ಧವಾಗುವ ಮೊದಲೇ ಮನುಷ್ಯನನ್ನು 12 ತಿಂಗಳವರೆಗೆ ಬಂಧನದಲ್ಲಿಡಬಹುದು. ಸಲಹಾ ಮಂಡಲಿಯ ಪರಿಶೀಲನೆ ಉಂಟು, ನಿಜ. ಆದರೆ ಅದು ಬಹಿರಂಗ ವಿಚಾರಣೆಯಲ್ಲ, ಅಲ್ಲಿ ವಕೀಲನನ್ನು ನಿಲ್ಲಿಸುವ ಹಕ್ಕೂ ಬಂಧಿತನಿಗಿಲ್ಲ. 1919ರ ರೌಲಟ್ ಶಾಸನವನ್ನು ದೇಶವೆಲ್ಲ ಒಂದೇ ಕಂಠದಿಂದ ಧಿಕ್ಕರಿಸಿದ್ದು ವಿಚಾರಣೆಯಿಲ್ಲದ ಇಂತಹ ಸೆರೆಗಾಗಿಯೇ ಅಲ್ಲವೆ? ಪರಕೀಯರ ಕೈಯಲ್ಲಿ ಅನ್ಯಾಯವೆನಿಸಿದ್ದು ಸ್ವಕೀಯರ ಕೈಗೆ ಬಂದ ಮಾತ್ರಕ್ಕೆ ನ್ಯಾಯವಾಗಲಾರದು.

ಇದಕ್ಕೆ ಉದ್ಯಮದವರು ಕೊಡುವ ಉತ್ತರವನ್ನು ನಾವು ಬಲ್ಲೆವು. ಮೊಕದ್ದಮೆ ಮುಗಿಯಲು ವರ್ಷಗಳು ಬೇಕು. ಚಿತ್ರದ ಆಯುಷ್ಯವೋ ಕೆಲವೇ ವಾರಗಳು. ಆದಕಾರಣ ಮುಂಚಿತವಾಗಿಯೇ ಹಿಡಿದಿಡಬೇಕೆಂದು ಅವರ ವಾದ. ಅವರ ಸಂಕಟ ನಿಜವಾದದ್ದು. ಔಷಧ ಮಾತ್ರ ತಪ್ಪು. ವಾರದೊಳಗೆ ಆಗಬೇಕಾದ ಕೆಲಸವೆಂದರೆ ಕಳ್ಳಪ್ರತಿಯನ್ನು ಅಂತರ್ಜಾಲದಿಂದ ತೆಗೆಸುವುದು. ಸಂತೆಯಲ್ಲಿ ಮಾರುವ ಬಡಪಾಯಿಯನ್ನು ವರ್ಷವಿಡೀ ಕೂಡಿಹಾಕಿದರೆ ಆ ಪ್ರತಿಯು ಒಂದು ಗಳಿಗೆಯೂ ತಡೆಯದೆ ಹರಿದಾಡುತ್ತಲೇ ಇರುವುದು. ಅದನ್ನು ಹರಿಯಬಿಟ್ಟವನು ದೂರದಲ್ಲಿ, ಬೇರೆ ಹೆಸರಿನಲ್ಲಿ, ಜಾಹೀರಾತಿನ ಹಣ ಎಣಿಸುತ್ತ ಸುಖವಾಗಿರುತ್ತಾನೆ. ಸುಲಭದ ಬಂಧನವು ಕಷ್ಟದ ತನಿಖೆಯನ್ನು ಕೊಲ್ಲುತ್ತದೆ. ಈ ಶಾಸನವನ್ನು ಚಿತ್ರಚೋರರ ಮೇಲೆ ಎಷ್ಟು ಸಲ ಪ್ರಯೋಗಿಸಿದರೆಂಬುದು ಮುಖ್ಯವಲ್ಲ; ಅದು ಕೈಗೆಟುಕುವಲ್ಲಿ ಇದೆಯೆಂಬುದೇ ಅಧಿಕಾರಿವರ್ಗದ ಆಲಸ್ಯಕ್ಕೆ ಸಾಕು.

ತನಿಖೆಗೆ ದಾರಿಗಳಿಲ್ಲದೆ ಇಲ್ಲ. ಈಗಿನ ಡಿಜಿಟಲ್ ಪ್ರದರ್ಶನಯಂತ್ರಗಳು ಚಿತ್ರದೊಳಗೆ ಕಣ್ಣಿಗೆ ಕಾಣದ ಗುರುತೊಂದನ್ನು ಬೆರೆಸಬಲ್ಲವು. ಕಳ್ಳಪ್ರತಿಯನ್ನು ಪರೀಕ್ಷಿಸಿದರೆ ಅದು ಯಾವ ಮಂದಿರದಲ್ಲಿ, ಯಾವ ದಿನ, ಯಾವ ಹೊತ್ತಿನ ಆಟದಲ್ಲಿ ಕದ್ದದ್ದೆಂದು ತಿಳಿಯಬಹುದು. ಅಲ್ಲಿಂದ ಎಳೆ ಹಿಡಿದು ಹೊರಟು, ಮೂಲದ ಕಳ್ಳನನ್ನು ಬಹಿರಂಗ ನ್ಯಾಯಾಲಯದಲ್ಲಿ ನಿಲ್ಲಿಸಿ 2023ರ ಶಾಸನದಂತೆ ಶಿಕ್ಷೆ ಕೊಡಿಸತಕ್ಕದ್ದು. ಈ ವಿದ್ಯೆ ಬಲ್ಲ ಪೋಲೀಸಿನವರನ್ನೂ ಸರಕಾರಿ ವಕೀಲರನ್ನೂ ಜಿಲ್ಲೆಗಳಿಗೆ ಒದಗಿಸುವುದು ಸರಕಾರದ ಕರ್ತವ್ಯ. ಮಂದಿರಗಳು ಮುಚ್ಚಿಹೋದ ತಾಲ್ಲೂಕು ಊರುಗಳ ಜನರಿಗೆ ನ್ಯಾಯವಾದ ಬೆಲೆಗೆ, ತಡಮಾಡದೆ ಚಿತ್ರವು ದೊರೆಯುವಂತೆ ಮಾಡುವುದು ಉದ್ಯಮದವರ ಕರ್ತವ್ಯ. ನೇರದ ಬಾಗಿಲು ಮುಚ್ಚಿರುವ ಕಡೆ ಕಳ್ಳಗಂಡಿಗೆ ಗಿರಾಕಿಗಳು ಹೆಚ್ಚು.

ಇನ್ನು ನಮ್ಮ ಓದುಗರಿಗೂ ಒಂದು ಮಾತು. ಕದ್ದ ಚಿನ್ನವನ್ನು ಕೊಳ್ಳಲು ಹೇಸುವ ಗೃಹಸ್ಥರು, ಕಚೇರಿಯ ಮಿತ್ರರು ಕಳುಹಿಸಿದ ಕದ್ದ ಚಿತ್ರವನ್ನು ಸಂಸಾರ ಸಮೇತರಾಗಿ ಕುಳಿತು ನೋಡುವುದು ಯಾವ ನೀತಿ? ಕಳ್ಳಮಾಲಿಗೆ ಗಿರಾಕಿಯಿಲ್ಲದಂತೆ ಮಾಡುವ ಬಲವು ಯಾವ ಶಾಸನಕ್ಕೂ ಇಲ್ಲ, ಮಹಾಜನರಿಗೆ ಮಾತ್ರ ಇದೆ. ಗೂಂಡಾ ಕಾಯಿದೆಯಿಂದ ಈ ಅಪರಾಧವನ್ನು ತೆಗೆದುಹಾಕಿ, ಅದನ್ನು ನ್ಯಾಯಾಲಯದ ಕಟ್ಟೆಗೆ ಒಪ್ಪಿಸಬೇಕೆಂದು ನಾವು ಸರಕಾರವನ್ನು ಒತ್ತಾಯಪಡಿಸುತ್ತೇವೆ. ಕಲಾವಿದನ ಹಕ್ಕನ್ನು ಕಾಯಬೇಕಾದದ್ದು ಕಾನೂನು. ಕಾನೂನಿನ ನೆರಳಿನಲ್ಲಿ ನಿಂತ ದರ್ಪವಲ್ಲ.