ಒಡ್ಡು ಕಿತ್ತವನು ಬೆಂಗಳೂರು ನೋಡಿ ಬಂದದ್ದು



ಯುಗಾದಿ ಮುಗಿದ ಮೇಲೆ ಹೊಲದಾಗ ಅಂಥ ಕೆಲಸ ಇರಲಿಲ್ಲ. ಬೆಂಗಳೂರಿನ್ಯಾಗ ಇರೋ ತಂಗಿ ಮಗ "ಮಾಮಾ, ಒಂದ ದಿನರ ಬರ್ರಿ, ಊರು ತೋರಸ್ತೀನಿ" ಅಂತ ಕರೀತಾನ ಇದ್ದ. ಗದಗದಿಂದ ರಾತ್ರಿ ರೈಲು ಹತ್ತಿದೆ. ಮುಂಜಾನೆ ಇಳಿಯೂದಕ್ಕೂ ಅಶ್ವಿನಿ ಮಳಿ ಸುರು ಆಗೂದಕ್ಕೂ ಸರಿ ಹೋತು.

ಮೊದಲು ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಸುರು ಮಾಡಿಸಿದ ತೋಟ, ಈಗ 240 ಎಕರೆ. ಗಾಜಿನ ಮನೆ ನೋಡಿ, ಮಳಿ ಸ್ವಲ್ಪ ಬಿಟ್ಟಾಗ ಕೆಂಪೇಗೌಡರ ಗೋಪುರ ಇರೋ ಬಂಡಿ ಹತ್ತಿದ್ವಿ. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಬಂಡಿ ಮ್ಯಾಲಿನ ನೀರು ಜಾರಿ ಕೆಳಗಿನ ಹುಲ್ಲು, ಗಿಡಗಳ ಬುಡಕ್ಕ ಹೋಗಿ ಇಂಗತಿತ್ತು. ಮಧ್ಯಾಹ್ನ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧವನ್ನು ಛತ್ರಿ ಹಿಡಕೊಂಡು ಹೊರಗಿನಿಂದಲೇ ನೋಡಿದೆ.

ಸಂಜಿಗೆ ಮೆಜೆಸ್ಟಿಕ್‌ಗೆ ಬರೋ ಹೊತ್ತಿಗೆ ಮತ್ತೆ ಜೋರು ಮಳಿ. ರಸ್ತೆ ಮ್ಯಾಲೆ ಮೊಣಕಾಲ ಮಟ ನೀರು. ಧೋತರ ಎತ್ತಿ ಹಿಡಕೊಂಡು ನಿಂತಾಗ ಹುಡುಗ ನಕ್ಕ: "ಮಾಮಾ, ನೀವು ನಿಂತಿದ್ದು ಧರ್ಮಾಂಬುಧಿ ಕೆರ್ಯಾಗ." ಖರೇನ ಐತಿ. ಪೇಟೆ ಜನರಿಗೆ ಕುಡಿಯೋ ನೀರು ಕೊಟ್ಟ ಕೆರೆ ಅದು. 1890ರ ದಶಕದಲ್ಲಿ ಹೆಸರಘಟ್ಟದಿಂದ ನಳದ ನೀರು ಬಂತು, ಕೆರೆ ಬೇಡಾತು. ಆಮೇಲೆ ಅದರ ಅಂಗಳದಾಗ ಬಸ್ ನಿಲ್ದಾಣ ಆತು. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ ಐತಿ. ಕೆರೆ ಹೋದರೂ ತಗ್ಗು ಹೋಗಲಿಲ್ಲ, ನೀರು ತನ್ನ ಜಾಗಕ್ಕ ಬರೂದು ಬಿಡಲಿಲ್ಲ.

ಶಹರದವರ ಬುದ್ಧಿಗೆ ನಗಬೇಕು ಅನಿಸ್ತು. ವಾಪಸ್ ಬರುವಾಗ ರೈಲಿನ್ಯಾಗ ನಿದ್ದಿ ಬರಲಿಲ್ಲ. ಟ್ರ್ಯಾಕ್ಟರ್ ತಿರುಗಿಸಾಕ ಅಡ್ಡ ಅಂತ ಹೊಲದ ನಡುವಿನ ಒಡ್ಡು ಕಿತ್ತವ ನಾನ. ಅಪ್ಪ ಹಾಕಿದ ಒಡ್ಡು ಅದು. ನಾಕು ಸಾಲು ಜಾಸ್ತಿ ಸಿಕ್ಕಿತ್ತು. ಹ್ವಾದ ವರ್ಷ ಹೆಸರು ಬಿತ್ತಿದ ಮೂರನೇ ದಿನ ಬಂದ ಮಳಿ ಬೀಜದ ಸಮೇತ ಎರಿಮಣ್ಣು ಬಳಕೊಂಡು ಹಳ್ಳಕ್ಕ ಹೊತ್ತುಹಾಕಿತು. ನಾನು ಮಳಿಗೆ ಬೈದೆ.

ಕೆರಿ ಅಂಗಳ ಹರಗಿದವರು, ಹಳ್ಳದ ದಂಡಿ ಒತ್ತಿದವರು ನಮ್ಮ ಕಡೆನೂ ಅದಾರ. ಅದ ಶಿರಹಟ್ಟಿ ಸೀಮ್ಯಾಗ ಮಾಗಡಿ ಕೆರೆ ಉಳಕೊಂಡಿದ್ದಕ್ಕ ಹಿಮಾಲಯದ ಆಚೆಯಿಂದ ಪಟ್ಟೆತಲೆ ಬಾತುಗಳು ಚಳಿಗಾಲಕ್ಕ ಬರ್ತಾವ, 2024ರಲ್ಲಿ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು.

ನನ್ನ ಅಭಿಪ್ರಾಯ ಇಷ್ಟ: ಒಡ್ಡಿಗೆ, ಕೆರೆಗೆ ಬಿಟ್ಟ ಜಾಗ ನಷ್ಟ ಅಲ್ಲ. ಮಳಿಗೆ ನಾವು ಜಾಗ ಇಡದಿದ್ರ ಅದು ತಾನ ತಗೋತದ. ಬೆಂಗಳೂರಿಗೆ ಈಗ ಕೆರೆ ವಾಪಸ್ ತರಾಕ ಆಗೂದಿಲ್ಲ, ನನಗ ಒಡ್ಡು ಹಾಕಾಕ ಬರ್ತದ. ನಾಳೆ ಜೆಸಿಬಿಗೆ ಹೇಳೀನಿ. ಭರಣಿ ಮಳಿಗಿಂತ ಮೊದಲು ಮುಗಿಸಬೇಕು. ನಾಕು ಸಾಲು ಹೋಗ್ತಾವ, ಹೋಗಲಿ.

ನಿಮ್ಮ ಹೊಲದ ಒಡ್ಡು ಹೆಂಗೈತಿ, ಒಮ್ಮೆ ಹೋಗಿ ನೋಡಿ ಬರ್ರಿ.