ವಾಚು ಕೊಳ್ಳುವಾಗ ಹೆಸರು ಬಿಡಿ, ಮಷಿನ್ ನೋಡಿ

ನಾಲತವಾಡದ ಕಡೆ ಮದುವೆ ಗೊತ್ತಾಯಿತೆಂದರೆ ಬಟ್ಟೆ, ಬಂಗಾರದ ಜೊತೆಗೆ ಅಳಿಯನಿಗೆ ಕೊಡುವ ವಾಚಿನ ಮಾತೂ ಬರುತ್ತದೆ. ಮುದ್ದೇಬಿಹಾಳಕ್ಕೋ ವಿಜಯಪುರಕ್ಕೋ ಹೋಗಿ ತರುತ್ತಾರೆ. ಈಗೀಗ ಈ ಖರೀದಿಯಲ್ಲಿ ‘ಫಸ್ಟ್ ಕಾಪಿ’ ಎಂಬುದೂ ಸೇರಿಕೊಂಡಿದೆ. ಡಯಲ್ ಮೇಲೆ ರೋಲೆಕ್ಸ್ ಎಂದೋ ಒಮೆಗಾ ಎಂದೋ ಬರೆದಿರುತ್ತದೆ, ಬೆಲೆ ಮಾತ್ರ ಒಂದೆರಡು ಸಾವಿರ. ‘ಅಸಲಿಗೂ ಇದಕ್ಕೂ ಏನೂ ಫರಕ್ ಇಲ್ರಿ, ಯಾರೂ ಗುರ್ತು ಹಿಡಿಯಂಗಿಲ್ಲ’ ಎನ್ನುತ್ತಾನೆ ಮಾರುವವ.

ಫರಕು ಹಿಂಬದಿಯ ಮುಚ್ಚಳ ತೆಗೆದರೆ ಕಾಣುತ್ತದೆ. ಅಗ್ಗದ ಕಾಪಿಯ ಒಳಗೆ ದೊಡ್ಡ ಕೇಸಿನ ನಡುವೆ ಬಿಳಿ ಪ್ಲಾಸ್ಟಿಕ್ ಬಳೆ, ಅದರೊಳಗೆ ಪುಟ್ಟದೊಂದು ಸೆಲ್ ಮಷಿನ್ ಇರುತ್ತದೆ. ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ; ಆ ಕಂಪನವನ್ನು ಎಣಿಸಿ ಸೆಕೆಂಡಿಗೊಮ್ಮೆ ಮುಳ್ಳನ್ನು ಮುಂದೆ ತಳ್ಳುವುದು ಈ ಮಷಿನ್‌ನ ಕೆಲಸ. ಈಗಿನ ನಿಜವಾದ ರೋಲೆಕ್ಸ್‌ನಲ್ಲಿ ಸೆಲ್ಲಿಲ್ಲ. ಸ್ಪ್ರಿಂಗ್ ಬಲದಲ್ಲಿ ಅದರ ಸೆಕೆಂಡಿನ ಮುಳ್ಳು ಸಾಮಾನ್ಯವಾಗಿ ಸೆಕೆಂಡಿಗೆ ಎಂಟು ಸಣ್ಣ ಹೆಜ್ಜೆ ಇಡುತ್ತ ಜಾರಿದಂತೆ ಸಾಗುತ್ತದೆ. ಮುಳ್ಳು ಟಕ್ ಟಕ್ ಎಂದು ನಿಂತು ನಿಂತು ಹೋದರೆ ಅಲ್ಲಿಗೇ ತೀರ್ಮಾನವಾಯಿತು. ಜಾರಿದಂತೆ ಹೋದರೂ ನಂಬುವಂತಿಲ್ಲ, ದುಬಾರಿ ಕಾಪಿಗಳಿಗೆ ಚೀನಾದ ಆಟೊಮ್ಯಾಟಿಕ್ ಮಷಿನ್ ಹಾಕಿರುತ್ತಾರೆ.

ಇಲ್ಲಿ ಕಾಪಿಗೆ ಸಲ್ಲಬೇಕಾದ ಒಂದು ಮಾತನ್ನು ಹೇಳಿಬಿಡಬೇಕು. ಸಮಯ ತೋರಿಸುವುದರಲ್ಲಿ ಒಳ್ಳೆಯ ಸೆಲ್ ಮಷಿನ್ ಎಷ್ಟೋ ಲಕ್ಷದ ವಾಚನ್ನೂ ಹಿಂದೆ ಹಾಕುತ್ತದೆ. ರೋಲೆಕ್ಸ್ ಕಂಪನಿಯೇ ತನ್ನ ವಾಚು ದಿನಕ್ಕೆ ಎರಡು ಸೆಕೆಂಡು ಆಚೀಚೆ ಆಗಬಹುದು ಎನ್ನುತ್ತದೆ, ಅಂದರೆ ತಿಂಗಳಿಗೆ ಒಂದು ನಿಮಿಷದವರೆಗೆ. ಜಪಾನಿನ ಸಾಧಾರಣ ಕ್ವಾರ್ಟ್ಜ್ ಮಷಿನ್ ತಿಂಗಳಿಗೆ ಇಪ್ಪತ್ತು ಸೆಕೆಂಡಿನ ಒಳಗೇ ಇರುತ್ತದೆ. ಆದರೆ ಇದು ಕಾಪಿಯ ಗುಣವಲ್ಲ, ಮಷಿನ್‌ನ ಗುಣ. ಅಂಥದೇ ಮಷಿನ್ ಸೊನಾಟಾದಲ್ಲೂ ಟೈಟಾನ್‌ನಲ್ಲೂ ಸಿಗುತ್ತದೆ, ಜೊತೆಗೆ ಬಿಲ್ಲು, ವಾರಂಟಿ ಕಾರ್ಡು. ಕಾಪಿಯಲ್ಲಿ ಒಳ್ಳೆಯದು ಏನಿದೆಯೋ ಅದೆಲ್ಲ ಅದೇ ದುಡ್ಡಿನ ಪ್ರಾಮಾಣಿಕ ವಾಚಿನಲ್ಲಿ ಇದ್ದೇ ಇದೆ.

ಕಾಪಿಯದೇ ಸ್ವಂತದ್ದು ಎಂದರೆ ಉಳಿದ ಭಾಗ. ವಿಜಯಪುರ ಜಿಲ್ಲೆಯ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ಆ ಬೆವರಿಗೆ ಅಗ್ಗದ ಚಿನ್ನದ ಬಣ್ಣ ಮೊದಲು ಚೈನಿನ ಕೊಂಡಿಗಳ ಅಂಚಿನಲ್ಲಿ, ಆಮೇಲೆ ಮಣಿಕಟ್ಟಿಗೆ ತಾಗುವ ಮುಚ್ಚಳದಲ್ಲಿ ಹೋಗುತ್ತದೆ. ಒಳಗಿನ ಲೋಹದಲ್ಲಿ ನಿಕ್ಕಲ್ ಇದ್ದರೆ ಕೆಲವರ ಚರ್ಮ ಕೆಂಪಾಗಿ ತುರಿಕೆ ಏಳುತ್ತದೆ. ನಿಜವಾದ ರೋಲೆಕ್ಸ್ ಸಬ್‌ಮರೀನರ್ ಡಯಲ್ ಮೇಲೆ ಸಾವಿರ ಅಡಿ, ಮುನ್ನೂರು ಮೀಟರ್ ಎಂದು ಬರೆದಿರುವುದು ಅದು ತಾಳುವ ನೀರಿನ ಆಳ. ಕಾಪಿಯ ಮೇಲೆ ಅದೇ ಅಕ್ಷರ ಬರೀ ಬಣ್ಣ. ಅದನ್ನು ನಂಬಿ ಬಸವಸಾಗರದ ಹಿನ್ನೀರಿಗೆ ಇಳಿದರೆ ಗಾಜಿನ ಒಳಗೆ ಮಂಜು ಕಟ್ಟಿ ಮಷಿನ್‌ಗೆ ತುಕ್ಕು ಹಿಡಿಯುತ್ತದೆ. ಡಯಲ್ ಮೇಲೆ ಮೂರು ಸಣ್ಣ ಡಯಲ್‌ಗಳಿದ್ದರೆ ಪಕ್ಕದ ಗುಂಡಿ ಒತ್ತಿ ನೋಡಬೇಕು. ಎಷ್ಟೋ ಕಾಪಿಗಳಲ್ಲಿ ಆ ಮುಳ್ಳುಗಳು ಅಂಟಿಸಿದವು, ಅಲುಗುವುದೇ ಇಲ್ಲ. ತಾರೀಖಿನ ಮೇಲಿನ ಉಬ್ಬುಗಾಜು ರೋಲೆಕ್ಸ್‌ನಲ್ಲಿ ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಅಗ್ಗದ ಕಾಪಿಯಲ್ಲಿ ಅಂಕಿ ಅಷ್ಟು ದೊಡ್ಡದಾಗುವುದಿಲ್ಲ.

ಈ ದೊಡ್ಡ ಹೆಸರುಗಳು ಹಳ್ಳಿಗೆ ಹೇಗೆ ಬಂದವು ಎಂದು ಅಚ್ಚರಿಪಡಬೇಕಿಲ್ಲ. 2016ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ ದುಬಾರಿ ಹ್ಯೂಬ್ಲೊ ವಾಚು ವಿಧಾನಸಭೆಯಲ್ಲಿ ಗದ್ದಲ ಎಬ್ಬಿಸಿತು. ಸ್ನೇಹಿತರು ಕೊಟ್ಟ ಉಡುಗೊರೆ ಎಂದ ಅವರು ಅದನ್ನು ಸ್ಪೀಕರ್‌ಗೆ ಒಪ್ಪಿಸಿದರು. ಅಲ್ಲಿಯವರೆಗೆ ಯಾರೂ ಕೇಳಿರದಿದ್ದ ಹೆಸರು ದಿನಪತ್ರಿಕೆ ಓದುವ ಎಲ್ಲರಿಗೂ ಗೊತ್ತಾಯಿತು.

ಆದರೆ ಕರ್ನಾಟಕಕ್ಕೆ ವಾಚಿನ ಗೌರವ ಸ್ವಿಟ್ಜರ್ಲೆಂಡಿನಿಂದ ಎರವಲು ತರುವ ಅಗತ್ಯ ಎಂದೂ ಇರಲಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ತಯಾರಿ ಶುರುವಾಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು. ಹದಿನೇಳು ಜ್ಯೂವೆಲ್‌ನ, ದಿನಾ ಚಾವಿ ಕೊಡುವ ‘ಜನತಾ’ ವಾಚು ಮೇಷ್ಟ್ರು, ಕಂಡಕ್ಟರು, ರೈತರ ಕೈಗೆ ಬಂತು. ಕಣ್ಣು ಕಾಣದವರು ಮುಟ್ಟಿ ಸಮಯ ತಿಳಿಯುವ ಬ್ರೈಲ್ ವಾಚನ್ನೂ ಎಚ್‌ಎಂಟಿ ಮಾಡಿತು. ಅಜ್ಜನ ಜನತಾ ಈಗಲೂ ಎಣ್ಣೆ ಹಾಕಿಸಿ ಒರೆಸಿದರೆ ನಡೆಯುತ್ತದೆ, ಏಕೆಂದರೆ ಅದನ್ನು ಬಿಚ್ಚಿ ರಿಪೇರಿ ಮಾಡಲೆಂದೇ ಕಟ್ಟಿದ್ದರು. ವಾಚಿನ ಗುಣಮಟ್ಟಕ್ಕೆ ಇದಕ್ಕಿಂತ ದೊಡ್ಡ ಅಳತೆ ಬೇರೆ ಇಲ್ಲ. ಕಾಪಿಯ ಮಷಿನ್ ಕೆಟ್ಟರೆ ರಿಪೇರಿಯವರು ಬಿಚ್ಚುವುದೂ ಇಲ್ಲ, ಇಡೀ ಮಷಿನ್ ಎಸೆದು ಬೇರೆ ಹಾಕುತ್ತಾರೆ.

ನೋವಿನ ಸಂಗತಿ ಎಂದರೆ ಈಗ ಎಚ್‌ಎಂಟಿಗೂ ನಕಲಿ ಬಂದಿದೆ. ಕೇಂದ್ರ ಸರ್ಕಾರ 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ತೀರ್ಮಾನಿಸಿದ ಮೇಲೆ ಹಳೆಯ ವಾಚುಗಳಿಗೆ ಬೇಡಿಕೆ ಹುಟ್ಟಿತು. ಹಳೆಯ ಮಷಿನ್‌ಗೆ ಹೊಸದಾಗಿ ಅಚ್ಚು ಹಾಕಿದ ಡಯಲ್ ಕೂರಿಸಿ, ಪಾಲಿಶ್ ಮಾಡಿದ ಕೇಸಿಗೆ ತುಂಬಿ ‘ಪೈಲಟ್’, ‘ಜನತಾ’ ಎಂದು ಮಾರುತ್ತಾರೆ. ಸಂಗ್ರಹಕಾರರು ಇದನ್ನು ‘ಮುಂಬೈ ಸ್ಪೆಷಲ್’ ಎನ್ನುತ್ತಾರೆ. ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರದ ಅಂಚು ಒಡೆದಿರುತ್ತದೆ, ಗೆರೆಗಳು ಅಂಕಿಯ ನೇರಕ್ಕೆ ನಿಲ್ಲುವುದಿಲ್ಲ. ಐವತ್ತು ವರ್ಷದ ವಾಚಿನ ಡಯಲ್ ನಿನ್ನೆ ಬಳಿದಂತೆ ಹೊಳೆದರೆ ಅನುಮಾನಪಡಲೇಬೇಕು.

ಕಾನೂನಿನ ಮಾತೂ ಇದೆ. ಬೇರೆ ಕಂಪನಿಯ ಹೆಸರು ಹಾಕಿ ಮಾರುವುದು 1999ರ ಟ್ರೇಡ್ ಮಾರ್ಕ್ ಕಾಯ್ದೆಯ ಪ್ರಕಾರ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಅದಕ್ಕೇ ಮಾರುವವರು ಬಿಲ್ಲು ಬರೆದುಕೊಡಲು ಹಿಂಜರಿಯುತ್ತಾರೆ. ಬಿಲ್ಲಿಲ್ಲದ ಮೇಲೆ ವಾರದಲ್ಲಿ ವಾಚು ನಿಂತರೂ ಗ್ರಾಹಕರ ಆಯೋಗದ ಮುಂದೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಹಾಗೆಂದು ಸಾಲ ಮಾಡಿ ಜಾತ್ರೆಯಲ್ಲಿ ಸರಕು ಹರಡಿಕೊಂಡು ಕೂತವನೊಬ್ಬನನ್ನು ಹಿಡಿದು ಕೇಸು ಹಾಕುವುದರಿಂದ ಪ್ರಯೋಜನವಿಲ್ಲ. ಪೊಲೀಸರು ಮತ್ತು ಕಸ್ಟಮ್ಸ್‌ನವರು ಹಿಡಿಯಬೇಕಾದ್ದು ಪೆಟ್ಟಿಗೆಗಟ್ಟಲೆ ತರಿಸುವ ಸಗಟು ವ್ಯಾಪಾರಿಗಳನ್ನು.

ಅಳಿಯನಿಗೆ ವಾಚು ಕೊಳ್ಳಲು ಹೊರಟವರು ಇಟ್ಟುಕೊಂಡ ದುಡ್ಡಿಗೆ ಒಳ್ಳೆಯ ವಾಚು ಸಿಗುತ್ತದೆ, ಹೆಸರು ಸಣ್ಣದಿರಬಹುದು ಅಷ್ಟೇ. ಮೊದಲು ಬಿಲ್ಲು ಮತ್ತು ವಾರಂಟಿ ಕಾರ್ಡು ಕೇಳಿ. ಎರಡೂ ಕೊಡಲು ಒಪ್ಪದ ಅಂಗಡಿಯಿಂದ ಎದ್ದು ಬನ್ನಿ.