ಕ್ಲಾಸಿನ ಇಂಗ್ಲಿಷು, ಬೀದಿಯ ಇಂಗ್ಲಿಷು

ಇಂಗ್ಲಿಷ್ ಮಾಧ್ಯಮ ಬೇಕೋ ಬೇಡವೋ ಎಂಬ ಜಗಳದಲ್ಲೇ ನಾವು ಇಪ್ಪತ್ತು ವರ್ಷ ಕಳೆದೆವು. 1994ರ ಭಾಷಾ ನೀತಿ ಕೋರ್ಟಿನ ಮೆಟ್ಟಿಲು ಹತ್ತಿತು. ಖಾಸಗಿ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಈ ನಡುವೆ 2007-08ರಿಂದ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯಿತು. ಆ ವರ್ಷ ಸೇರಿದ ಮಕ್ಕಳು 2017ರಲ್ಲಿ ಎಸ್ಸೆಸ್ಸೆಲ್ಸಿ ಬರೆದರು. ಹತ್ತು ವರ್ಷದ ಇಂಗ್ಲಿಷ್! ಅವರಲ್ಲಿ ಎಷ್ಟು ಮಂದಿ ಅಳುಕದೆ ನಾಲ್ಕು ವಾಕ್ಯ ಆಡಬಲ್ಲರೆಂದು ಯಾರು ಕೇಳಿದರು?

ಹೈಸ್ಕೂಲಿನ ಇಂಗ್ಲಿಷ್ ಪೀರಿಯಡ್ಡಿಗೆ ಒಮ್ಮೆ ಕಿವಿಗೊಡಿ. ಮೇಷ್ಟ್ರು ಪಾಠ ಓದುತ್ತಾರೆ, ಸಾಲು ಸಾಲನ್ನೂ ಕನ್ನಡಕ್ಕೋ ಉರ್ದುವಿಗೋ ತಿರುಗಿಸುತ್ತಾರೆ, ಬೋರ್ಡಿನ ಮೇಲೆ ಪ್ರಶ್ನೋತ್ತರ ಬರೆಯುತ್ತಾರೆ. ಪದ್ಯ ಬಾಯಿಪಾಠ, ಪತ್ರಲೇಖನ ಬಾಯಿಪಾಠ, 'ಸ್ವಂತ' ಪ್ರಬಂಧವೂ ಬಾಯಿಪಾಠ. ಮಕ್ಕಳ ಬಾಯಿಂದ ಹೊರಡುವ ಇಂಗ್ಲಿಷ್ 'ಎಸ್ ಸರ್' ಮಾತ್ರ. ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ಪಬ್ಲಿಕ್ ಪರೀಕ್ಷೆ ಕೇಳುವುದು ಬರಹವನ್ನು. ಅವರು ಅದಕ್ಕೇ ತಯಾರು ಮಾಡುತ್ತಾರೆ.

ಭಾಷೆ ಬರುವ ದಾರಿ ಬೇರೆ ಎಂಬುದನ್ನು ಮಂಗಳೂರಿನ ಕಡೆ ನೋಡಬೇಕು. ಬ್ಯಾರಿ ಮನೆಯ ಹುಡುಗ ಮನೆಯಲ್ಲಿ ಬ್ಯಾರಿ ಆಡುತ್ತಾನೆ, ಶಾಲೆಯಲ್ಲಿ ಕನ್ನಡ ಕಲಿಯುತ್ತಾನೆ, ಮದರಸದಲ್ಲಿ ಅರಬಿ ಅಕ್ಷರ ಓದುತ್ತಾನೆ. ತುಳು? ಅದನ್ನು ಯಾರೂ ಕಲಿಸಲಿಲ್ಲ. ನೆರೆಮನೆಯಲ್ಲಿ, ಬಸ್ಸಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ ಕಿವಿಗೆ ಬಿತ್ತು, ತಪ್ಪುತಪ್ಪಾಗಿ ನಾಲಿಗೆಗೆ ಬಂತು. ತಪ್ಪು ಮಾತಾಡಿದ್ದಕ್ಕೆ ಮೀನು ಮಾರುವ ಹೆಂಗಸು ಅವನನ್ನು ಬೆಂಚಿನ ಮೇಲೆ ನಿಲ್ಲಿಸಲಿಲ್ಲ. ಮೀನು ಕೊಟ್ಟು ಕಳಿಸಿದಳು.

ಇಂದಿನ ಹುಡುಗರು ಇಂಗ್ಲಿಷನ್ನೂ ಹೀಗೆಯೇ ಹೊರಗೆ ಹಿಡಿಯುತ್ತಿದ್ದಾರೆ. ಕ್ರಿಕೆಟ್ ಕಾಮೆಂಟರಿ, ಯೂಟ್ಯೂಬ್, ಮೊಬೈಲ್ ಆಟದ ನಡುವಿನ ಕೂಗಾಟ, ಗಲ್ಫಿನಿಂದ ರಜೆಗೆ ಬಂದ ಮಾವನ ಹರಟೆ. ವ್ಯಾಕರಣ ಕುಂಟುತ್ತದೆ, ಮಾತು ನಿಲ್ಲುವುದಿಲ್ಲ. ಇದನ್ನು ಕಂಡು ಕೆಲವು ವಿದ್ಯಾವಂತರು 'ಮೊಬೈಲೇ ಕಲಿಸುತ್ತದೆ ಬಿಡಿ' ಎನ್ನತೊಡಗಿದ್ದಾರೆ. ನನ್ನ ತಕರಾರು ಇಲ್ಲಿಯೇ. ಯಾರಿಗೆ ಕಲಿಸುತ್ತದೆ ಸ್ವಾಮಿ? ನಮ್ಮ ಮನೆಗಳಲ್ಲಿ ಈ 'ಹೊರಗೆ' ಎಂಬುದು ಗಂಡುಮಕ್ಕಳ ಆಸ್ತಿ. ಹದಿನಾಲ್ಕರ ಹುಡುಗಿ ಶಾಲೆಯಿಂದ ಬಂದರೆ ಪಾತ್ರೆ, ತಮ್ಮನ ಹೋಮ್‌ವರ್ಕ್, ಬೀಡಿ ಕಟ್ಟುವ ಅಮ್ಮನಿಗೆ ನೆರವು. ಫೋನು ಕೈಗೆ ಸಿಗುವುದು ಅಣ್ಣ ಮಲಗಿದ ಮೇಲೆ, ಅದೂ ಅಪ್ಪನ ಅನುಮಾನದ ಕಣ್ಣೆದುರು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮನೆಯ ಒಂದೇ ಫೋನು ಮೊದಲು ಯಾರ ಕೈ ಸೇರಿತೆಂದು ಓದುಗರೇ ನೆನಪಿಸಿಕೊಳ್ಳಲಿ. ಎಸ್ಸೆಸ್ಸೆಲ್ಸಿಯಲ್ಲಿ ಬಾಲಕಿಯರದೇ ಮೇಲುಗೈ ಎಂದು ಪತ್ರಿಕೆಗಳು ಬರೆಯುತ್ತವೆ. ಇಂಗ್ಲಿಷಿನಲ್ಲಿ 80 ಅಂಕ ತೆಗೆದ ಅದೇ ಬಾಲಕಿ ಕಾಲೇಜಿನಲ್ಲಿ ಹಿಂದಿನ ಬೆಂಚು ಹುಡುಕುತ್ತಾಳೆ. ಅವಳಿಗಿದ್ದ ಒಂದೇ ಬೀದಿ ಆ ಕ್ಲಾಸ್‌ರೂಮು. ಅಲ್ಲಿಯೂ ಬಾಯಿ ಮುಚ್ಚಿಸಿ ಕೂರಿಸಿದೆವು.

2019ರಲ್ಲಿ ಸರಕಾರ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಬೋರ್ಡು ಬದಲಿಸುವುದು ಸುಲಭ. ಪ್ರತಿ ಪೀರಿಯಡ್ಡಿನಲ್ಲಿ ಹತ್ತು ನಿಮಿಷ ಮಕ್ಕಳು ತಮ್ಮೊಳಗೇ ಇಂಗ್ಲಿಷಿನಲ್ಲಿ ಮಾತಾಡಲಿ, ತಪ್ಪಿಗೆ ನಗುವವರನ್ನು ಮೇಷ್ಟ್ರು ತಡೆಯಲಿ, ಆ ಮಾತಿಗೂ ಅಂಕ ಇರಲಿ. ನಮ್ಮವರಿಗೂ ಒಂದು ಪ್ರಶ್ನೆ: ಜಮಾಅತಿನ ಮದುವೆ ಹಾಲುಗಳು ವರ್ಷದ ಬಹುಪಾಲು ಸಂಜೆ ಖಾಲಿ ಬಿದ್ದಿರುತ್ತವೆ. ಒಬ್ಬ ಟೀಚರನ್ನು ಗೊತ್ತು ಮಾಡಿ ದಿನಕ್ಕೆ ಒಂದು ತಾಸು ಅದರ ಬಾಗಿಲನ್ನು ಹುಡುಗಿಯರಿಗೆ ತೆರೆಯಲು ಇನ್ನೆಷ್ಟು ಸಭೆ ನಡೆಯಬೇಕು?